ಡಗ್ಲಾಸ್: ವೀರನೋ, ಹೊಳೆಯೋ?

ಸ್ಕಾಟ್ಲೆಂಡಿನ ಡಗ್ಲಾಸ್ ಎಂಬ ಕುಲನಾಮಕ್ಕೆ ಒಂದು ಕಥೆಯುಂಟು. 8ನೆಯ ಶತಮಾನದಲ್ಲಿ ಶೋಲ್ಟೋ ಎಂಬ ವೀರನು ಅರಸನಿಗೆ ಯುದ್ಧದಲ್ಲಿ ಜಯ ತಂದನಂತೆ. ಕಪ್ಪು-ಬೂದು ಬಣ್ಣದವನೆಂದು ಜನರು ಅವನನ್ನು ತೋರಿಸಿದ ಮಾತೇ ವಂಶದ ಹೆಸರಾಯಿತಂತೆ. ಕಥೆಯೇನೋ ಮನೋಹರವೇ ಸರಿ. ಇತಿಹಾಸ ಮಾತ್ರ ಅಲ್ಲ.

ಗೇಲಿಕ್ ಭಾಷೆಯಲ್ಲಿ 'ದುವ್' ಎಂದರೆ ಕಪ್ಪು. 'ಗ್ಲಾಸ್' ಎಂಬುದಕ್ಕೆ ಬೂದುಬಣ್ಣವೆಂಬ ಅರ್ಥವೂ ಉಂಟು, ತೊರೆಯೆಂಬ ಪ್ರಾಚೀನಾರ್ಥವೂ ಉಂಟು. ಕಥೆಗಾರರು ಮೊದಲನೆಯದನ್ನು ಹಿಡಿದರು. ಆದರೆ ಲಾನಾರ್ಕ್‌ಷೈರಿನಲ್ಲಿ ಕ್ಲೈಡ್ ನದಿಯನ್ನು ಕೂಡುವ ಹೊಳೆಯೇ ಡಗ್ಲಾಸ್. ಅದರ ದಡದ ಊರೂ ಡಗ್ಲಾಸ್. 12ನೆಯ ಶತಮಾನದ ಕೊನೆಯ ದಾನಪತ್ರಗಳಲ್ಲಿ ಸಾಕ್ಷಿಯಾಗಿ ಬರುವ ವಿಲಿಯಮ್ಮನು 'ದ ಡಗ್ಲಾಸ್', ಎಂದರೆ ಡಗ್ಲಾಸಿನವನು. ಆ 'ದ' ಎಂಬುದು ನಮ್ಮ ಪಂಚಮೀ ವಿಭಕ್ತಿಯ ಕೆಲಸವನ್ನೇ ಮಾಡುತ್ತದೆ. ಊರಿನಿಂದ ಪುರುಷನಿಗೆ ಹೆಸರು ಬಂದಿತೇ ಹೊರತು ಪುರುಷನಿಂದ ಊರಿಗಲ್ಲ.

ವೀರನೇ ಮೂಲವೆನ್ನುವವರನ್ನು ಕೇಳುತ್ತೇನೆ: ಇಂಗ್ಲೆಂಡಿನ ಲ್ಯಾಂಕಾಷೈರಿನ ನದಿಗೂ ಮ್ಯಾನ್ ದ್ವೀಪದ ಪಟ್ಟಣಕ್ಕೂ ಇದೇ ಹೆಸರು ಹೇಗೆ ಬಂದಿತು? ಶೋಲ್ಟೋ ಅಲ್ಲೆಲ್ಲ ಅಲೆದನೆ?

ಡಗ್ಲಾಸರೆಲ್ಲರೂ ಏಕವಂಶದವರೆಂಬುದು ಇನ್ನೊಂದು ಭ್ರಮೆ. ಊರಿನಿಂದ ಬಂದ ಹೆಸರು ನಿವಾಸವನ್ನು ಹೇಳೀತು, ರಕ್ತಸಂಬಂಧವನ್ನು ಹೇಳಲಾರದು.

ಕಥೆಯನ್ನು ಕಿತ್ತುಹಾಕಿದರೆ ವಂಶದ ಗೌರವ ಕುಂದದೆ ಎನ್ನುವವರಿದ್ದಾರೆ. ರಾಬರ್ಟ್ ಬ್ರೂಸ್ ರಾಜನ ಹೃದಯವನ್ನು ಹೊತ್ತು ಹೋಗಿ 1330ರಲ್ಲಿ ಸ್ಪೇನಿನ ರಣದಲ್ಲಿ ಮಡಿದ ಜೇಮ್ಸ್ ಡಗ್ಲಾಸನು ಕಲ್ಪಿತನಲ್ಲ. ಅಂಥವನು ಹುಟ್ಟಿದ ವಂಶಕ್ಕೆ ಕಟ್ಟುಕಥೆಯ ಹಂಗೇಕೆ? ಹೊಳೆಯಿಂದ ಹೆಸರು ಪಡೆದುದು ಹೀನವಲ್ಲ. ಸುಳ್ಳಿನಿಂದ ಹಿರಿಮೆ ಪಡೆಯ ಹೊರಟುದೇ ಹೀನ.