ಏಳು ಶೇಂಗಾ ಕಾಳು ಕೊಡು ಅಂದೆ

ಹೋದ ತಿಂಗಳು ತಾಯಿಯೊಬ್ಬರು ಪತ್ರ ಬರೆದಿದ್ದರು. "ನನ್ನ ಮಗನಿಗೆ ನಾಲ್ಕೂವರೆ ವರ್ಷ. ನೂರರವರೆಗೆ ಗಡಗಡ ಹೇಳುತ್ತಾನೆ. ಅ ಆ ಇ ಈ ಪೂರ್ತಿ ಬಾಯಿಪಾಠ. ಆದರೆ ಒಂದು ಪದ ಓದಲಾರ. ಮನೆಯಲ್ಲೇ ಕೂರಿಸಿ ಕಲಿಸೋಣವೆಂದರೆ ಐದು ನಿಮಿಷಕ್ಕೆ ಎದ್ದು ಓಡುತ್ತಾನೆ. ಕೋಪ ಬಂದು ಕೈ ಎತ್ತುವ ಹಾಗಾಗುತ್ತದೆ. ಏನು ಮಾಡಲಿ?" ಎಂದು. ಆ ಕೊನೆಯ ಮಾತು ನನ್ನನ್ನು ಎರಡು ರಾತ್ರಿ ಕಾಡಿತು. ಅದಕ್ಕೆ ಉತ್ತರ ಹೇಳಬೇಕಾದರೆ ನನ್ನ ಮನೆಯ ಸಂಗತಿಯನ್ನೇ ಹೇಳಬೇಕು.

ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು. ಸೇವೆಯ ಬಹುಭಾಗ ಚಳ್ಳಕೆರೆ, ಮೊಳಕಾಲ್ಮೂರುಗಳಲ್ಲೇ ಕಳೆಯಿತು. ಆಗ ಕಂಪ್ಯೂಟರ್ ಇರಲಿಲ್ಲ. ದಪ್ಪ ಲೆಡ್ಜರುಗಳು, ಕೈಬರಹ. ಸಂಜೆ ಲೆಕ್ಕ ಟ್ಯಾಲಿ ಆಗದೆ ಮನೆಗೆ ಹೋಗುವಂತಿರಲಿಲ್ಲ. ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿವರೆಗೆ ಹುಡುಕಬೇಕು. ಹೀಗೆ ವರ್ಷಗಟ್ಟಲೆ ದುಡಿದು, ಅಂಕಿ ತಪ್ಪಿದರೆ ಸಹಿಸುವ ಗುಣವೇ ನನ್ನಲ್ಲಿ ಉಳಿದಿರಲಿಲ್ಲ.

ನನ್ನ ಮಗ ಒಂದನೇ ಕ್ಲಾಸಿನಲ್ಲಿದ್ದಾಗ ನಾವು ಮೊಳಕಾಲ್ಮೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಒಂದು ಸಂಜೆ ಪಡಸಾಲೆಯಲ್ಲಿ ಕೂರಿಸಿಕೊಂಡು "ನಲವತ್ತೈದು ಬರಿ" ಅಂದೆ. ಸ್ಲೇಟಿನ ಮೇಲೆ 54 ಬರೆದ. ಅಳಿಸಿ ಬರಿ ಅಂದೆ. ಮತ್ತೆ 54. ಮೂರನೆಯ ಸಲವೂ ಹಾಗೇ ಬರೆದಾಗ ಕೆನ್ನೆಗೆ ಹೊಡೆದೆ. ಹುಡುಗ ಅಳಲಿಲ್ಲ, ಸುಮ್ಮನೆ ಸ್ಲೇಟನ್ನೇ ನೋಡುತ್ತ ಕೂತ. ಅಂದಿನಿಂದ ಅವನಿಗೆ ಲೆಕ್ಕ ಹೇಳಿಕೊಟ್ಟದ್ದು ನನ್ನಾಕೆ, ಅಡುಗೆಮನೆಯಲ್ಲಿ. ಬ್ಯಾಂಕಿನ ಗುಮಾಸ್ತನ ಮಗ ಲೆಕ್ಕ ಕಲಿತದ್ದು ಅಪ್ಪನಿಂದಲ್ಲ. ನಾನು ಆ ಏಟನ್ನು ಮರೆತುಬಿಟ್ಟೆ. ಹೊಡೆದವರಿಗೆ ಮರೆಯುವುದು ಸುಲಭ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಬೆಂಗಳೂರಿನಲ್ಲಿದ್ದ ಮಗ, ಸೊಸೆ, ಮೊಮ್ಮಗಳು ಚಳ್ಳಕೆರೆಗೆ ಬಂದರು. ಪುಟ್ಟಿಗೆ ಆಗ ಐದು ವರ್ಷ. ಶಾಲೆ ಯಾವಾಗ ತೆರೆಯುತ್ತದೋ ಯಾರಿಗೂ ಗೊತ್ತಿಲ್ಲ. ನಾನು ಉತ್ಸಾಹದಿಂದ ಹೊಸ ಸ್ಲೇಟು ಹುಡುಕಿ ತಂದು ಅವಳನ್ನು ಎದುರಿಗೆ ಕೂರಿಸಿಕೊಂಡೆ. ಒಳಗೆ ಕೆಲಸ ಮಾಡುತ್ತಿದ್ದ ಮಗ ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಬಂದ.

"ಅಪ್ಪಾ, ಅವಳಿಗೆ ನೀವು ಲೆಕ್ಕ ಹೇಳಿಕೊಡಬೇಡಿ. ಕಥೆ ಹೇಳಿ, ಸಾಕು."

"ಯಾಕಪ್ಪಾ?"

"ನಲವತ್ತೈದು," ಅಂದ. ಅಷ್ಟೇ. ಮತ್ತೆ ಒಳಗೆ ಹೋದ.

ಮೂವತ್ತು ವರ್ಷದ ಮೇಲಾಗಿತ್ತು. ಅವನು ಮರೆತಿರಲಿಲ್ಲ. ನಾನು ಸ್ಲೇಟನ್ನು ಎತ್ತಿ ಬೀರುವಿನ ಮೇಲಿಟ್ಟೆ.

ನಮ್ಮ ಕಡೆ ಮುಂಗಾರು ಬಿತ್ತನೆಗೆ ಮೊದಲು ಮನೆಮನೆಯಲ್ಲಿ ಬೀಜದ ಶೇಂಗಾ ಸುಲಿಯುತ್ತಾರೆ. ಚಳ್ಳಕೆರೆಯನ್ನು ಎಣ್ಣೆ ನಗರಿ ಎಂದು ಕರೆಯುವುದೇ ಈ ಶೇಂಗಾದಿಂದ. ಆ ಬೇಸಿಗೆಯಲ್ಲಿ ನಮ್ಮ ಪಡಸಾಲೆಯಲ್ಲೂ ರಾಶಿ ಬಿದ್ದಿತ್ತು. ಪುಟ್ಟಿ ಅಜ್ಜಿಯ ಪಕ್ಕ ಕೂತು ಸುಲಿಯುತ್ತಿದ್ದಳು. "ಏಳು ಕಾಳು ಕೊಡೇ" ಅಂದೆ. ಒಂದು ಹಿಡಿ ತುಂಬ ತೆಗೆದು ನನ್ನ ಕೈಗೆ ಸುರಿದಳು. ನೂರರವರೆಗೆ ತಪ್ಪದೆ ಹೇಳುವ ಹುಡುಗಿ!

ಆಗ ನನಗೆ ಅರ್ಥವಾಯಿತು. ಒಂದು ಎರಡು ಮೂರು ಎಂದು ಹೇಳುವುದು ಹಾಡು. ಎಣಿಸುವುದು ಬೇರೆ. ಒಂದೊಂದು ಕಾಳಿಗೆ ಒಂದೊಂದೇ ಮಾತು ಸೇರಬೇಕು. ಕೊನೆಗೆ ಹೇಳಿದ ಮಾತು ಇಡೀ ಗುಂಪಿನ ಲೆಕ್ಕ ಎಂದು ಮಗುವಿಗೆ ಹೊಳೆಯಬೇಕು. ಕಾಳನ್ನು ಸಾಲಾಗಿಟ್ಟರೂ, ಸುತ್ತಲೂ ಇಟ್ಟರೂ, ದೂರ ದೂರ ಇಟ್ಟರೂ ಏಳು ಏಳೇ ಎಂದು ತಿಳಿಯಬೇಕು. ಇದು ಬಾಯಿಪಾಠದಿಂದ ಬರುವುದಿಲ್ಲ, ಕೈಯಿಂದ ಬರುತ್ತದೆ.

ನಾನು ಪಾಠ ಮಾಡುವುದಿಲ್ಲ ಎಂದು ಒಪ್ಪಿದ್ದೆನಲ್ಲ, ಆಟ ಶುರು ಮಾಡಿದೆ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಎಷ್ಟು ಕಾಳಿದೆ ಹೇಳಬೇಕು, ಆಮೇಲೆ ಒಡೆದು ನೋಡಬೇಕು. ಎರಡು ಕಾಯಿ ಒಡೆದರೆ ಒಟ್ಟು ಎಷ್ಟು? ಐದರಲ್ಲಿ ಎರಡು ತಿಂದರೆ ಉಳಿದದ್ದೆಷ್ಟು? ಕೂಡುವುದು ಕಳೆಯುವುದು ಹೀಗೆ ಬಂದವು. ಕಳೆಯುವ ಲೆಕ್ಕವೇ ಅವಳಿಗೆ ಹೆಚ್ಚು ಇಷ್ಟ, ತಿನ್ನಬಹುದಲ್ಲ!

ಕೆಲವು ವಾರದ ಮೇಲೆ ಹತ್ತರ ಕಟ್ಟಿಗೆ ಬಂದೆವು. ಬ್ಯಾಂಕಿನಲ್ಲಿ ನೂರು ನೋಟಿಗೆ ಒಂದು ಪ್ಯಾಕೆಟ್, ಹತ್ತು ಪ್ಯಾಕೆಟ್ಟಿಗೆ ಒಂದು ಬಂಡಲ್. ಬಿಡಿ ನೋಟನ್ನು ಯಾರೂ ಸಾವಿರದವರೆಗೆ ಎಣಿಸುತ್ತ ಕೂರುವುದಿಲ್ಲ. ಹಾಗೆಯೇ ಖಾಲಿ ಬೆಂಕಿಪೊಟ್ಟಣಗಳಲ್ಲಿ ಹತ್ತು ಹತ್ತು ಕಾಳು ತುಂಬಿಸಿದೆವು. ಪೊಟ್ಟಣಗಳು ಎಡಕ್ಕೆ, ಬಿಡಿ ಕಾಳು ಬಲಕ್ಕೆ. ನಮ್ಮ ಭಾಷೆ ಇಲ್ಲಿ ದೊಡ್ಡ ಸಹಾಯ ಮಾಡುತ್ತದೆ. ಮೂವತ್ತು ಎಂದರೆ ಮೂರು ಹತ್ತು, ಐವತ್ತು ಎಂದರೆ ಐದು ಹತ್ತು. ಹೆಸರಿನಲ್ಲೇ ಲೆಕ್ಕವಿದೆ. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್‌ಗಳಲ್ಲಿ ಹತ್ತು ಎಲ್ಲಿದೆ ಎಂದು ಮಗು ಹುಡುಕಬೇಕು. ಹನ್ನೊಂದು, ಹನ್ನೆರಡರಲ್ಲಿ ಅದು ಕಿವಿಗೇ ಕೇಳುತ್ತದೆ. ಮೊದಲ ಎಣಿಕೆ ಮನೆಮಾತಿನಲ್ಲೇ ಇರಲಿ. ಮೊಳಕಾಲ್ಮೂರಿನ ಎಷ್ಟೋ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ. ಅಲ್ಲಿ ತೆಲುಗಿನಲ್ಲೇ ಎಣಿಸಲಿ, ಲೆಕ್ಕ ಕೆಡುವುದಿಲ್ಲ.

ಒಂದು ದಿನ ಅವಳೇ ಸ್ಲೇಟು ಕೇಳಿದಳು. ಕೆಳಗಿಳಿಸಿಕೊಟ್ಟೆ. ನಾಲ್ಕು ಪೊಟ್ಟಣ, ಐದು ಬಿಡಿ ಕಾಳು ಇಟ್ಟು ನಲವತ್ತೈದು ಎಂದು ತಾನೇ ಹೇಳಿ ಬರೆದಳು. ಏನು ಬರೆದಳು ಗೊತ್ತೆ? 54. ಅವಳಪ್ಪ ಬಾಗಿಲಲ್ಲಿ ನಿಂತಿದ್ದ. ನನ್ನ ಎದೆ ಹೊಡೆದುಕೊಂಡಿತು. "ನೀನು ಬರೆದಷ್ಟು ನನಗೆ ಕೊಡು ನೋಡೋಣ" ಅಂದೆ. ಐದು ಪೊಟ್ಟಣ ಎಣಿಸಿ ಇಟ್ಟಳು, ನಾಲ್ಕು ಕಾಳು ಇಟ್ಟಳು, ಮೊದಲಿನ ಸಾಲನ್ನು ನೋಡಿದಳು. "ತಾತಾ, ಇದು ಜಾಸ್ತಿ ಆಯ್ತು" ಎಂದು ತಾನೇ ಅಳಿಸಿ 45 ಬರೆದಳು. ಎರಡು ನಿಮಿಷ ಹಿಡಿಯಿತು. ಮೂವತ್ತು ವರ್ಷದ ಹಿಂದೆ ಆ ಎರಡು ನಿಮಿಷ ನನ್ನ ಹತ್ತಿರ ಇರಲಿಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ನಾವು ಲೆಡ್ಜರಿನಲ್ಲಿ ವ್ಯತ್ಯಾಸ ಹುಡುಕುವಾಗ ಅದು ಒಂಬತ್ತರಲ್ಲಿ ಶೇಷವಿಲ್ಲದೆ ಭಾಗವಾಗುತ್ತದೆಯೇ ಎಂದು ಮೊದಲು ನೋಡುತ್ತಿದ್ದೆವು. ಆದರೆ, ಯಾರೋ ಅಂಕಿ ತಿರುವುಮುರುವು ಬರೆದಿದ್ದಾರೆಂದು ಅನುಮಾನ. 45 ಬರೆಯುವಲ್ಲಿ 54 ಬರೆದರೆ ವ್ಯತ್ಯಾಸ ಒಂಬತ್ತು. ಪದವಿ ಪಡೆದು, ಸಂಬಳ ತೆಗೆದುಕೊಳ್ಳುವ ನಾವೇ ಆ ತಪ್ಪನ್ನು ಎಷ್ಟು ಸಲ ಮಾಡುತ್ತಿದ್ದೆವೆಂದರೆ, ಅದನ್ನು ಹಿಡಿಯಲು ಒಂದು ಉಪಾಯವೇ ರೂಢಿಯಲ್ಲಿತ್ತು! ಆರು ವರ್ಷದ ಮಗನಿಗೆ ಮಾತ್ರ ಆ ತಪ್ಪಿಗೆ ಏಟು.

ಈಗ ಓದಿನ ವಿಷಯ. ವರ್ಣಮಾಲೆಯ 49 ಅಕ್ಷರ ಮುಗಿಯುವವರೆಗೆ ಪದಕ್ಕಾಗಿ ಕಾಯಬೇಕಿಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಅದರಲ್ಲಿ ಅ ಆ ಇ ಈ ಕ್ರಮವಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರದಿಂದ ಆರಂಭ. ಬರೆಯಲು ಸುಲಭ, ಕೂಡಿಸಿದರೆ ಕೂಡಲೇ ಪದ: ಸರ, ದರ, ರಸ, ಅರಸ, ಅಗಸ, ಗರಗಸ. ಐದೇ ಅಕ್ಷರ ಕಲಿತ ಮಗು "ನಾನು ಓದಿದೆ" ಎಂದು ಹೇಳಬಲ್ಲದು. ಆ ಹಿಗ್ಗೇ ಮುಂದಿನ ಅಕ್ಷರಕ್ಕೆ ಎಳೆದುಕೊಂಡು ಹೋಗುತ್ತದೆ. ಪುಟ್ಟಿ ಮೊದಲು ಓದಿದ ಪದ ಗರಗಸ. ಓದಿ, "ಅಂದ್ರೆ ಏನು ತಾತಾ?" ಅಂದಳು. ಪಕ್ಕದ ಬಡಗಿಯ ಅಂಗಡಿಗೆ ಕರೆದುಕೊಂಡು ಹೋಗಿ ಗೇಟಿನ ಹೊರಗಿನಿಂದಲೇ ತೋರಿಸಿದೆ.

ಬರೆಸುವ ಮೊದಲು ಬೆರಳು ಆಡಲಿ. ಹಿಂದೆ ಕೂಲಿಮಠಗಳಲ್ಲಿ ಮರಳಿನ ಮೇಲೆ ತಿದ್ದಿಸುತ್ತಿದ್ದರು. 1939ರಲ್ಲಿ ಭಾರತಕ್ಕೆ ಬಂದ ಮಾರಿಯಾ ಮಾಂಟೆಸ್ಸರಿಯವರ ಪದ್ಧತಿಯಲ್ಲೂ ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರದ ಮೇಲೆ ಮಗು ಬೆರಳಾಡಿಸುತ್ತದೆ. ನಮ್ಮ ಮನೆಯಲ್ಲಿ ಒಂದು ತಟ್ಟೆ, ಅದರ ತುಂಬ ರವೆ, ಅಷ್ಟೇ. ತಪ್ಪಾದರೆ ತಟ್ಟೆ ಅಲ್ಲಾಡಿಸಿದರೆ ಆಯಿತು. ಅಳಿಸಿದ ಗುರುತೂ ಇಲ್ಲ, ಅವಮಾನವೂ ಇಲ್ಲ. ಇದರ ಜೊತೆಗೆ ದಿನಾ ರಾತ್ರಿ ಹತ್ತು ನಿಮಿಷ ಕಥೆ ಪುಸ್ತಕ ಓದಿ ಹೇಳಿ, ಸಾಲಿನ ಕೆಳಗೆ ಬೆರಳು ಸರಿಸುತ್ತ. ಕಾಗುಣಿತ, ಒತ್ತಕ್ಷರ ನಿಧಾನಕ್ಕೆ ಬರಲಿ. ನಮ್ಮ ಊರಿನ ಹೆಸರನ್ನೇ ನೋಡಿ, ಚಳ್ಳಕೆರೆ ಎಂದು ಓದಲು ಮಗುವಿಗೆ ಒತ್ತೂ ಬೇಕು, ಏತ್ವವೂ ಬೇಕು!

ಪತ್ರ ಬರೆದ ತಾಯಿಗೆ ನನ್ನ ಉತ್ತರ ಇಷ್ಟು. ನಾಲ್ಕೂವರೆ ವರ್ಷದ ಮಗು ಐದು ನಿಮಿಷಕ್ಕೆ ಎದ್ದು ಓಡಿದರೆ ತಪ್ಪು ಮಗುವಿನದಲ್ಲ. ನಾಲ್ಕನೇ ನಿಮಿಷಕ್ಕೆ ನೀವೇ ನಿಲ್ಲಿಸಿ, ನಾಳೆ ಅವನೇ ಬರುತ್ತಾನೆ. ಅವಸರ ಬೇಡ. 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಕೂಡ ಮೂರನೇ ತರಗತಿ ಮುಗಿಯುವ ಹೊತ್ತಿಗೆ ಮಗು ಅರ್ಥಮಾಡಿಕೊಂಡು ಓದಬೇಕು, ಸರಳ ಲೆಕ್ಕ ಮಾಡಬೇಕು ಎಂಬ ಗುರಿ ಇಟ್ಟುಕೊಂಡಿದೆ. ಮನೆ ಶಾಲೆಗೆ ಬದಲಿ ಎಂದು ನಾನು ಹೇಳುವುದಿಲ್ಲ. ಆರು ತುಂಬಿದ ಮೇಲೆ ಮಗು ಶಾಲೆಗೆ ಹೋಗಲಿ, ಓರಗೆಯವರ ಜೊತೆ ಬೆಳೆಯಲಿ. ಅಲ್ಲಿಯವರೆಗೆ ಮನೆಯಲ್ಲಿ ಅಕ್ಷರದ ಭಯ ಹುಟ್ಟದಂತೆ ನೋಡಿಕೊಂಡರೆ ಸಾಕು. ಮತ್ತೆ, ಕೈ ಎತ್ತುವ ಹಾಗಾದಾಗ ದಯವಿಟ್ಟು ಎದ್ದು ಹೋಗಿ ಒಂದು ಲೋಟ ನೀರು ಕುಡಿಯಿರಿ. ಏಟಿನಿಂದ ಅಂಕಿ ನೆನಪಿರುವುದಿಲ್ಲ, ಏಟು ನೆನಪಿರುತ್ತದೆ.

ಚಿಕ್ಕ ಮಕ್ಕಳ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ ಕೊನೆಯಲ್ಲಿ. ಅವರು ಬೆಂಗಳೂರಿಗೆ ಹೊರಡುವ ಮುಂಚೆ ಎಲ್ಲರೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿದ್ದೆವು. ಅಲ್ಲಿ, ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದದ್ದು. ಬ್ರಾಹ್ಮಿ ಲಿಪಿಯ ಕೆಲವು ಅಕ್ಷರಗಳನ್ನು ಪುಟ್ಟಿಗೆ ಮೊದಲೇ ಕಾಗದದ ಮೇಲೆ ಬರೆದು ತೋರಿಸಿದ್ದೆ. ಅದರಲ್ಲಿ 'ಕ' ಅಕ್ಷರ ನಮ್ಮ ಕೂಡುವ ಗುರುತಿನ ಹಾಗೇ ಇರುತ್ತದೆ. "ಅಶೋಕ ರಾಜ ಬಂಡೆ ಮೇಲೆ ಕೂಡೋ ಲೆಕ್ಕ ಮಾಡಿದ್ದಾನೆ!" ಎಂದು ಕುಣಿದಳು.

ಶಾಸನದಲ್ಲಿ ಏನಿದೆ ಎಂದು ಮಗ ಕೇಳಿದ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದಿದೆ ಅಂದೆ. "ದೊಡ್ಡವರು ಮಕ್ಕಳ ಜೊತೆ ಹೇಗಿರಬೇಕು ಅಂತ ಬರೆಸಲಿಲ್ವಾ?" ಎಂದು ನಕ್ಕ.

"ದಯೆ ಅಂತ ಬರೆಸಿದ್ದಾನಲ್ಲಪ್ಪ. ನಾನು ಅವತ್ತು ಅದನ್ನು ಓದಿರಲಿಲ್ಲ. ನಲವತ್ತೈದಕ್ಕೆ ಹೊಡೆದದ್ದು ನನ್ನ ತಪ್ಪು" ಅಂದೆ.

ಅವನು ಏನೂ ಹೇಳಲಿಲ್ಲ. ಬಂಡೆ ಇಳಿಯುವಾಗ ನನ್ನ ಕೈ ಹಿಡಿದುಕೊಂಡ. ಈಗ ಪ್ರತಿ ಭಾನುವಾರ ಫೋನ್ ಮಾಡಿ, "ಅಪ್ಪಾ, ಇವಳಿಗೆ ಭಾಗಾಕಾರ ಸ್ವಲ್ಪ ಹೇಳಿಕೊಡಿ" ಎಂದು ಮಗಳ ಕೈಗೆ ಕೊಡುತ್ತಾನೆ.

ಮಕ್ಕಳೇ, ಈ ವಾರದ ಲೆಕ್ಕ ನಿಮಗೆ. ಎರಡು ಬೇರೆ ಬೇರೆ ಅಂಕಿಗಳಿರುವ ಒಂದು ಸಂಖ್ಯೆ ಬರೆಯಿರಿ, 72 ಅಂತಿಟ್ಟುಕೊಳ್ಳಿ. ತಿರುಗಿಸಿ ಬರೆಯಿರಿ, 27. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ. ಉತ್ತರ ಒಂಬತ್ತರ ಮಗ್ಗಿಯಲ್ಲಿ ಇದೆಯೇ? ಯಾವ ಸಂಖ್ಯೆ ತೆಗೆದುಕೊಂಡರೂ ಹೀಗೇ ಆಗುತ್ತದೆಯೇ? ಯಾಕೆ? ಹತ್ತರ ಪೊಟ್ಟಣ, ಬಿಡಿ ಕಾಳು ಇಟ್ಟುಕೊಂಡು ಯೋಚಿಸಿ. ಕಾಳು ತಿನ್ನುವುದು ಮಾತ್ರ ಉತ್ತರ ಬಂದ ಮೇಲೆ!