ಮಾತು ಕಲಿತ ಚಿತ್ರ, ಮರೆಯಾದ ರೀಲು

ಶ್ರವಣಬೆಳಗೊಳಕ್ಕೆ ಪ್ರವಾಸ ಹೋಗುವ ಶಾಲಾ ಮಕ್ಕಳು ಗೊಮ್ಮಟನನ್ನು ನೋಡಿ ಬಸ್ಸು ಹತ್ತಿಬಿಡುತ್ತಾರೆ. ಹತ್ತಿರದ ಜಿನನಾಥಪುರದತ್ತ ತಿರುಗುವವರು ಕಡಿಮೆ. ಅಲ್ಲಿನ ಶಾಂತಿನಾಥ ಬಸದಿಯ ಹೊರಗೋಡೆಯ ಮೇಲೆ ಹೊಯ್ಸಳರ ಕಾಲದ ಶಿಲ್ಪಗಳಿವೆ. ಸುಮಾರು 800 ವರ್ಷ ಮಳೆ ಬಿಸಿಲು ಕಂಡರೂ ಅವು ಇನ್ನೂ ನೋಡುವವರ ಕಣ್ಣಮುಂದಿವೆ.

ಕನ್ನಡದ ಮೊದಲ ವಾಕ್ಚಿತ್ರಕ್ಕೆ ಆ ಭಾಗ್ಯವಿಲ್ಲ. 'ಸತಿ ಸುಲೋಚನಾ' ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ನಿರ್ಮಾಪಕರು ಚಮನ್‌ಲಾಲ್ ಡುಂಗಾಜಿ, ನಿರ್ದೇಶಕರು ವೈ.ವಿ. ರಾವ್, ಸಾಹಿತ್ಯ ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಕರ್ನಾಟಕದಲ್ಲಿ ಆಗ ವಾಕ್ಚಿತ್ರ ತೆಗೆಯುವ ಸ್ಟುಡಿಯೋ ಇರಲಿಲ್ಲ. ಹಾಗಾಗಿ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ. ನಟರೇ ಕ್ಯಾಮೆರಾ ಎದುರು ಹಾಡಬೇಕು. ಸಹಜವಾಗಿಯೇ ಆಯ್ಕೆ ರಂಗಭೂಮಿಯ ಕಡೆ ಹೊರಳಿತು. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬ ನಟಿಸಿದರು.

ಚಿತ್ರ ಮಾತು ಕಲಿಯುವ ಕಷ್ಟ ಎಲ್ಲ ದೇಶಗಳಿಗೂ ಇತ್ತು. ಅಮೆರಿಕದ ಪ್ಯಾರಮೌಂಟ್ ಸಂಸ್ಥೆ 1928ರಲ್ಲಿ 'ವಾರ್ಮಿಂಗ್ ಅಪ್' ಎಂಬ ಬೇಸ್‌ಬಾಲ್ ಕಥೆಯನ್ನು ತೆರೆಗೆ ತಂದಿತು. ಅದರಲ್ಲಿ ಸಂಭಾಷಣೆಯಿಲ್ಲ, ಸಂಗೀತ ಮತ್ತು ಸದ್ದು ಮಾತ್ರ. ಚೆಂಡು ಬ್ಯಾಟಿಗೆ ತಾಗುವುದು ಒಂದು ಕ್ಷಣದಲ್ಲಿ, ಸದ್ದು ಕೇಳುವುದು ಇನ್ನೊಂದು ಕ್ಷಣದಲ್ಲಿ ಎಂದು ವಿಮರ್ಶಕರು ದೂರಿದರು. ಆ ಚಿತ್ರವೂ ಇಂದು ಇಲ್ಲ. 1931ರ 'ಆಲಂ ಆರಾ' ಇಲ್ಲ. 'ಸತಿ ಸುಲೋಚನಾ'ದ ಪ್ರತಿಯೂ ಉಳಿದಿಲ್ಲ.

ಇವೆಲ್ಲ ಎಲ್ಲಿ ಹೋದವು? ಅಂದಿನ ಫಿಲ್ಮು ನೈಟ್ರೇಟಿನದು. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಮಾಡಿದ ಅದಕ್ಕೆ ಬೆಂಕಿ ಹತ್ತಿದರೆ ನೀರಿನಲ್ಲಿ ಮುಳುಗಿಸಿದರೂ ಆರದು. ಸೆಕೆಯಲ್ಲಿಟ್ಟರೆ ತಾನೇ ಅಂಟಂಟಾಗಿ, ಕಡೆಗೆ ಪುಡಿಯಾಗುತ್ತದೆ. ಓಟ ಮುಗಿದ ರೀಲುಗಳನ್ನು ಅದರಲ್ಲಿನ ಬೆಳ್ಳಿಯ ಆಸೆಗೆ ಕರಗಿಸಿದ್ದೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಸ್ಥಾಪನೆಯಾದದ್ದು 1964ರಲ್ಲಿ. ಅಷ್ಟರಲ್ಲಿ 'ಸತಿ ಸುಲೋಚನಾ' ಬಿಡುಗಡೆಯಾಗಿ 30 ವರ್ಷ ಕಳೆದಿತ್ತು.

ಕಲ್ಲು ತನ್ನಷ್ಟಕ್ಕೆ ತಾನು ಉಳಿಯಬಲ್ಲದು; ರೀಲು ಉಳಿಯಲು ಯಾರಾದರೂ ಕಾಯಬೇಕು. ಮನೆಯ ಅಟ್ಟದಲ್ಲಿ ಹಳೆಯ ಸಿನಿಮಾ ಹಾಡಿನ ಪುಸ್ತಕವೋ, ಗ್ರಾಮಫೋನ್ ತಟ್ಟೆಯೋ, ನಾಟಕ ಕಂಪನಿಯ ಕರಪತ್ರವೋ ಇದ್ದೀತು. ಮುಂದಿನ ಹಬ್ಬಕ್ಕೆ ಮನೆ ಗುಡಿಸುವಾಗ ಅದನ್ನು ರದ್ದಿಗೆ ಹಾಕುವ ಮುನ್ನ ಮಕ್ಕಳು ಅಜ್ಜಿಯನ್ನೋ ತಾತನನ್ನೋ ಒಮ್ಮೆ ಕೇಳಲಿ. ತಂದೆ ತಾಯಂದಿರೂ ಪಕ್ಕದಲ್ಲಿ ಕೂತು ಕೇಳಲಿ.