ಮೂರು ಸಾವಿರದ ಮುನ್ನೂರೈವತ್ತು ರೂಪಾಯಿಯ ‘ಶೋಕಿ’



ನಾನೇ ಕೂತು ಮಾಡ್ಕೊಂಡ ಮೆಕ್ಯಾನಿಕಲ್ ಕೀಬೋರ್ಡಿನ ಫೋಟೋ ಹೋದ ವಾರ ಹಾಕಿದ್ದೆ. ಒಂದಷ್ಟು ಜನ ಲೈಕ್ ಒತ್ತಿದ್ರು, ಒಂದಿಬ್ಬರು ಇನ್‌ಬಾಕ್ಸಿಗೆ ಬಂದು ಕೇಳಿದ್ರು: "ನಮ್ಮ ಜನಕ್ಕೆ ಗೇಣು ಭೂಮಿ ಇಲ್ಲ, ನಿಮಗೆ ಈ ಶೋಕಿ ಬೇಕಿತ್ತಾ ಅಣ್ಣ?" ಪ್ರಶ್ನೆ ನ್ಯಾಯವಾದದ್ದೇ. ಎರಡು ಸಾಲಲ್ಲಿ ಉತ್ತರ ಆಗಲ್ಲ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಭೂಮಿಯಿಂದಲೇ ಶುರು ಮಾಡೋಣ. 1978ರ ಪಿಟಿಸಿಎಲ್ ಕಾಯ್ದೆ ನಿಮಗೆಲ್ಲ ಗೊತ್ತು. ನಮಗೆ ಮಂಜೂರಾದ ಜಮೀನನ್ನ ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡೋ ಹಾಗಿಲ್ಲ. ಮಾಡಿದ್ರೆ 5ನೇ ಕಲಂ ಅಡಿ ಎ.ಸಿ.ಗೆ ಅರ್ಜಿ, ಅಲ್ಲಿ ಸೋತ್ರೆ 5ಎ ಅಡಿ ಡಿ.ಸಿ.ಗೆ ಮೇಲ್ಮನವಿ. ತಡವಾಗಿ ಬಂದ್ರಿ ಅಂತ ಅರ್ಜಿಗಳನ್ನ ತಳ್ಳಿಹಾಕ್ತಿದ್ದಾಗ ಹೋರಾಟ ಮಾಡಿದ್ದಕ್ಕೆ 2023ರಲ್ಲಿ ತಿದ್ದುಪಡಿ ಬಂತು, ಕಾಲಮಿತಿ ಹೋಯ್ತು. ಕಾನೂನು ನಮ್ಮ ಪರ ಇದೆ. ಆದ್ರೆ ಅರ್ಜಿ ಬರೆಯೋರು ಯಾರು?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ಕಡೆ ನಮ್ಮವರ ಅರ್ಜಿ ಹಿಡ್ಕೊಂಡು ಓಡಾಡಿದೀನಿ. "ನಮ್ಮಪ್ಪನಿಗೆ ಮಂಜೂರಾಗಿದ್ದ ಜಮೀನು, ನಮಗೆ ಬಿಡಿಸಿಕೊಡಿ" ಅಂತ ಒಬ್ಬ ಅವ್ವ ಗಟ್ಟಿಯಾಗಿ ಹೇಳ್ತಾಳೆ. ಅದೇ ಮಾತು ಟೈಪ್ ಮಾಡೋ ಅಂಗಡಿಯಿಂದ ಹೊರಗೆ ಬರೋ ಹೊತ್ತಿಗೆ "ಕಡುಬಡವಳಾದ ನನ್ನ ಮೇಲೆ ತಾವು ದಯೆ ತೋರಬೇಕಾಗಿ ಬೇಡಿಕೊಳ್ಳುತ್ತೇನೆ" ಅಂತ ಆಗಿರ್ತದೆ. ಕಲಂ ಇಲ್ಲ, ಮಂಜೂರಾತಿ ವರ್ಷ ಇಲ್ಲ, ಸರ್ವೆ ನಂಬರ್ ತಪ್ಪು. ಹಕ್ಕು ಕೇಳೋಕೆ ಹೋದವಳ ಕೈಗೆ ಭಿಕ್ಷೆಯ ಕಾಗದ ಕೊಟ್ಟು ಪುಟಕ್ಕಿಷ್ಟು ಅಂತ ದುಡ್ಡು ಬೇರೆ. ಮಾಹಿತಿ ಹಕ್ಕಿಗೆ ಶುಲ್ಕ ಬರೀ 10 ರೂಪಾಯಿ. ಆದ್ರೆ ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಆ 150ರಲ್ಲಿ 40 ಪದ ದಯೆ, ಕೃಪೆಗೇ ಹೋದ್ರೆ ಪ್ರಶ್ನೆಗೆ ಉಳಿಯೋದೆಷ್ಟು?

ಬಾಬಾಸಾಹೇಬರು ‘ಮೂಕನಾಯಕ’ ಶುರು ಮಾಡಿದ್ದು 1920ರ ಜನವರಿ 31ಕ್ಕೆ. ಅದರ ಜಾಹೀರಾತನ್ನ ದುಡ್ಡು ಕೊಡ್ತೀವಿ ಅಂದ್ರೂ ‘ಕೇಸರಿ’ ಪತ್ರಿಕೆ ಹಾಕಲಿಲ್ಲ. ಶಾಹು ಮಹಾರಾಜರು ಕೊಟ್ಟ 2,500 ರೂಪಾಯಿ ಬೆನ್ನಿಗಿತ್ತು. ಆಮೇಲೆ ಅವರು ಸ್ವಂತ ಮುದ್ರಣಾಲಯವನ್ನೇ ಮಾಡಿದ್ರು. ಅವತ್ತೂ ಜನಕ್ಕೆ ಭೂಮಿ ಇರಲಿಲ್ಲ, ಕುಡಿಯೋ ನೀರಿಗೂ ಹೋರಾಡಬೇಕಿತ್ತು. ಆದ್ರೂ ಅಚ್ಚಿನ ಮೊಳೆಗೆ ದುಡ್ಡು ಹಾಕೋದು ಶೋಕಿ ಅಂತ ಅವರಿಗೆ ಅನ್ನಿಸಲಿಲ್ಲ.

ಈಗ ಕೀಬೋರ್ಡಿಗೆ ಬರ್ತೀನಿ. ನಾನು ಗುಮಾಸ್ತ. ಹಗಲು ಆಫೀಸಿನ ಟೈಪಿಂಗು, ರಾತ್ರಿ ಸಂಘಟನೆಯ ಟೈಪಿಂಗು. ನುಡಿಯಲ್ಲಿರೋದು ಕೆ.ಪಿ. ರಾವ್ ಅವರು ರೂಪಿಸಿದ ಅಕ್ಷರ ಜೋಡಣೆ, ಬಹಳ ಚೆನ್ನಾಗಿದೆ. ‘ದಲಿತ’ ಅಂತ ಬರೆಯೋಕೆ ಡಿ, ಎಲ್, ಐ, ಟಿ, ನಾಲ್ಕೇ ಒತ್ತು. ಆದ್ರೆ ದೀರ್ಘ, ಮಹಾಪ್ರಾಣ, ಣ, ಳ, ಶ, ಸೊನ್ನೆ ಎಲ್ಲಕ್ಕೂ ಶಿಫ್ಟ್ ಬೇಕು. ‘ಭೂಮಿ’ಗೆ ನಾಲ್ಕು ಒತ್ತಲ್ಲಿ ಎರಡು ಶಿಫ್ಟ್. ‘ಶೋಷಣೆ’ಗೆ ಐದರಲ್ಲಿ ಮೂರು! ದಿನವೆಲ್ಲ ಇದನ್ನೇ ಮಾಡಿದ್ರೆ ಕಿರುಬೆರಳು ಮರಗಟ್ಟಿ ಹೋಯ್ತದೆ. ಇನ್ನು ಒತ್ತಕ್ಷರಕ್ಕೆಲ್ಲ ಎಫ್ ಕೀ. ರಬ್ಬರಿನ ಅಗ್ಗದ ಕೀಬೋರ್ಡಲ್ಲಿ ನನಗೆ ಮೊದಲು ಕೈಕೊಡೋದು ಅದೇ. ಒಂದು ಕೀ ಹೋದ್ರೆ ಇಡೀ ಹಲಗೆ ಗುಜರಿಗೆ.

ನಾನು ಮಾಡ್ಕೊಂಡಿದ್ದು ಹೀಗೆ. 61 ಕೀಲಿಯ ಚಿಕ್ಕ ಹಲಗೆ. ಪ್ರತಿ ಕೀಲಿಯ ಕೆಳಗೂ ಒಂದು ಸ್ವಿಚ್, ಅದರೊಳಗೆ ಒಂದು ಸ್ಪ್ರಿಂಗ್. ಸದ್ದು ಮಾಡದ ನೇರ ಸ್ವಿಚ್ ತಗೊಂಡೆ, ರಾತ್ರಿ ಮಕ್ಕಳು ಮಲಗಿರ್ತಾರೆ. ನೇಮ್‌ಪ್ಲೇಟ್ ಮಾಡೋ ಅಂಗಡಿಯಲ್ಲಿ ಅಕ್ರಿಲಿಕ್ ಹಾಳೆಗೆ 14 ಮಿ.ಮೀ. ಚೌಕದ ತೂತು ಕೊಯ್ಸಿ ಸ್ವಿಚ್‌ಗಳನ್ನ ಕೂರಿಸಿದೆ. 5 ಅಡ್ಡಸಾಲು, 14 ಕಂಬಸಾಲು ಅಂತ ತಂತಿ ಎಳೆದ್ರೆ 61 ಕೀಲಿಗೆ 19 ತಂತಿ ಸಾಕು. ಏಕಕಾಲಕ್ಕೆ ಮೂರ್ನಾಲ್ಕು ಕೀ ಒತ್ತಿದ್ರೂ ಗೊಂದಲ ಆಗದ ಹಾಗೆ ಪ್ರತಿ ಸ್ವಿಚ್ಚಿಗೂ ಒಂದು ಡಯೋಡ್. ಎಲ್ಲ ಹೋಗಿ ಸೇರೋದು ರಾಸ್ಪ್‌ಬೆರಿ ಪೈ ಪಿಕೋ ಅನ್ನೋ ಬೆರಳುದ್ದದ ಬೋರ್ಡಿಗೆ.

ಲೆಕ್ಕ ಬರ್ಕೊಳ್ಳಿ:
ಸ್ವಿಚ್ 70 (ಒಂಬತ್ತು ಸ್ಪೇರ್) – 1,190
ಕೀಕ್ಯಾಪ್ – 850
ಅಕ್ರಿಲಿಕ್, ಕೊಯ್ಯೋ ಕೂಲಿ ಸೇರಿ – 500
ಪಿಕೋ – 400
ಉದ್ದ ಕೀಲಿಗಳ ಸ್ಟೆಬಿಲೈಸರ್ – 250
ಡಯೋಡ್, ತಂತಿ, ಸೀಸ – 160
ಒಟ್ಟು 3,350 ರೂಪಾಯಿ. ಕೇಬಲ್ ಹಳೇ ಮೊಬೈಲಿದು. ಬೆಸುಗೆ ಕಡ್ಡಿ ಟಿವಿ ರಿಪೇರಿ ಮಾಡೋ ಗೆಳೆಯಂದು. ಎರಡು ಭಾನುವಾರದ ಕೆಲಸ.

ಕ್ಯೂಎಂಕೆ ಅನ್ನೋ ಉಚಿತ ತಂತ್ರಾಂಶದಲ್ಲಿ ಯಾವ ಕೀಲಿ ಏನು ಮಾಡಬೇಕು ಅಂತ ನಾವೇ ಹೇಳಬಹುದು. ನನ್ನ ಸ್ಪೇಸ್ ಬಾರ್ ತಟ್ಟಿದ್ರೆ ಖಾಲಿ ಜಾಗ, ಒತ್ತಿ ಹಿಡಿದ್ರೆ ಶಿಫ್ಟ್. ಕಿರುಬೆರಳಿನ ಹೊರೆ ಹೆಬ್ಬೆರಳಿಗೆ ಹೋಯ್ತು. ಈ ಏರ್ಪಾಡು ಕೀಬೋರ್ಡಿನೊಳಗೇ ಕೂತಿರೋದ್ರಿಂದ ಯಾವ ಕಂಪ್ಯೂಟರಿಗೆ ಚುಚ್ಚಿದ್ರೂ ಅದೇ ರೀತಿ ನಡೀತದೆ. ಎಫ್ ಕೆಟ್ರೆ 17 ರೂಪಾಯಿಯ ಸ್ವಿಚ್ ಬದಲಾಯಿಸ್ತೀನಿ, ಮುಗೀತು.

ಬೆಂಗಳೂರಲ್ಲಿ ಹತ್ತಾರು ಸಾವಿರ ಸುರಿದು ಇದನ್ನೇ ಹವ್ಯಾಸ ಮಾಡ್ಕೊಂಡೋರು ಇದಾರೆ. ಇದು ನಮ್ಮ ಕೈಗೆಟುಕಿದ್ದು ಹೇಗೆ ಗೊತ್ತಾ? ಈ ಬಗೆಯ ಸ್ವಿಚ್ಚು ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದಿದ್ದು. ಅದರ ಪೇಟೆಂಟ್ ಮುಗಿದ ಮೇಲೆ ಗೇಟರಾನ್, ಕೈಲ್, ಔಟೆಮು ಅಂತ ಚೀನಾದ ಕಂಪನಿಗಳು ಅಗ್ಗಕ್ಕೆ ಮಾಡೋಕೆ ಶುರು ಮಾಡಿದ್ವು. ಬೇಲಿ ಬಿದ್ದ ಮೇಲೇ ನಾವು ಒಳಗೆ ಬಂದಿದ್ದು. ಎಲ್ಲಾ ಕಡೆ ಇದೇ ಕತೆ ಅಲ್ವಾ?

"ಮೊಬೈಲಲ್ಲಿ ಮಾತಾಡಿದ್ರೆ ಅದೇ ಬರ್ಕೊಳ್ತದಲ್ಲ" ಅಂತೀರಿ. ಬಳಸಿ, ನಾನೂ ಬಳಸ್ತೀನಿ. ಆದ್ರೆ ನಮ್ಮ ಹಟ್ಟಿ ಮಾತು ಅದಕ್ಕೆ ಅರ್ಧಂಬರ್ಧ ಕೇಳಿಸ್ತದೆ. ಸರ್ವೆ ನಂಬರಲ್ಲಿ ಒಂದು ಅಂಕಿ ತಪ್ಪಿದ್ರೆ ಕೇಸೇ ಬಿದ್ದೋಯ್ತದೆ. "400 ರೂಪಾಯಿ ಕೀಬೋರ್ಡಲ್ಲೂ ಬರೀಬಹುದಲ್ಲ?" ಬರೀಬಹುದು. ದಿನಕ್ಕೊಂದು ಪುಟ ಬರೆಯೋರಿಗೆ ಅದೇ ಸಾಕು, ಸಾಲ ಮಾಡಿ ಇದನ್ನ ಕೊಳ್ಳಬೇಡಿ. ಆದ್ರೆ ಊರಿನವರ ಅರ್ಜಿಯನ್ನೆಲ್ಲ ಹೊತ್ತಿರೋ ಕೈ ನೋಯಬಾರದು. ನಮ್ಮವರ ಕೈ ನೋಯೋದು ಸಹಜ, ನಮ್ಮವರಿಗೆ ಒಳ್ಳೇ ಸಲಕರಣೆ ಅತಿಯಾಯ್ತು ಅನ್ನೋ ಲೆಕ್ಕ ನಮ್ಮದಲ್ಲ, ನಮ್ಮ ತಲೆಗೆ ಬೇರೆಯವರು ತುಂಬಿದ್ದು. ಚರ್ಮ ಹದ ಮಾಡಿ ತಮಟೆ ಬಿಗಿದ ಜನ ನಾವು. 61 ಸ್ವಿಚ್ಚಿಗೆ ಬೆಸುಗೆ ಹಾಕೋದು ನಮಗೆ ಯಾವ ಮಹಾ ಕೆಲಸ?

ನನ್ನ ಪ್ರಸ್ತಾಪ ಇಷ್ಟೇ. ನಾಲ್ಕು ತಾಲ್ಲೂಕಿಗೆ ನಾಲ್ಕು ಕೀಬೋರ್ಡ್, ಒಟ್ಟು 13,400 ರೂಪಾಯಿ. ಒಂದು ಸಮಾವೇಶಕ್ಕೆ ನಾವು ಹಾಕೋ ಫ್ಲೆಕ್ಸಿನ ದುಡ್ಡಲ್ಲಿ ಆಗೋ ಕೆಲಸ. ತಾಲ್ಲೂಕಿಗೆ ಇಬ್ಬರು ಕಲೀಲಿ, ಅದರಲ್ಲಿ ಒಬ್ಬಳು ಹೆಣ್ಣುಮಗಳು ಇರಲೇಬೇಕು. ನುಡಿ ಉಚಿತ, ಕಲಿಸೋಕೆ ನಾನಿದೀನಿ, ಭಾನುವಾರ ಬೆಸುಗೆ ಹಾಕೋದೂ ತೋರಿಸ್ತೀನಿ. ಪಿಟಿಸಿಎಲ್, ಮಾಹಿತಿ ಹಕ್ಕು, ದೌರ್ಜನ್ಯ ತಡೆ ಕಾಯ್ದೆಯ ದೂರು, ಮೂರಕ್ಕೂ ಮಾದರಿ ತಯಾರಿಸೋಣ. ಅದರಲ್ಲಿ ‘ಬೇಡಿಕೊಳ್ಳುತ್ತೇನೆ’ ಅನ್ನೋ ಪದ ಎಲ್ಲೂ ಇರಬಾರದು.

ಯಾವ ತಾಲ್ಲೂಕಿಂದ ಯಾರು ಬರ್ತೀರಿ, ಕೆಳಗೆ ಹೆಸರು ಬರೀರಿ.

ಜೈ ಭೀಮ್.